ಹೇಳಿ ಬರಬೇಕಾದ ಸೊಪ್ಪು

ಮೊಂಡುಕೀವು ಎಂಬ ಗಾಯದ ರೋಗ ಬಂದ ಮೇಲೆ ನಮ್ಮ ವಿಜಯಪುರದಲ್ಲಿ ಮೊದಲು ಮಾಯವಾದದ್ದು ಗಾಜಿನ ಬಳೆ. ಒಡೆದ ಬಳೆಯ ಚೂರು ಮುಂಗೈ ಗೀರಿದರೆ ಸಾಕು, ಹದಿನೈದು ದಿನದಲ್ಲಿ ಕೈಯೇ ಹೋಗುತ್ತಿತ್ತು. ಆಮೇಲೆ ಹಿತ್ತಿಲ ಗುಲಾಬಿ ಗಿಡಗಳು ಹೋದವು, ಕ್ಷೌರದಂಗಡಿಯ ಕತ್ತಿ ಹೋಯಿತು, ಈಳಿಗೆ ಅಟ್ಟ ಸೇರಿತು. ಹೆಂಗಸರು ರಬ್ಬರಿನ ದಪ್ಪ ಕೈಗವಸು ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುವುದನ್ನು ಕಲಿತರು. ಮಕ್ಕಳು ಮಂಡಿ ತರಚಿಕೊಂಡು ಬಂದರೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಇದ್ದಬದ್ದ ಔಷಧಗಳನ್ನೆಲ್ಲ ನಾವು ನೆಗಡಿಗೂ ನುಂಗಿ, ಕೋಳಿಗೂ ತಿನ್ನಿಸಿ, ಆ ಕ್ರಿಮಿಗೆ ಎಲ್ಲದರ ರೂಢಿ ಮಾಡಿಸಿದ್ದೆವು. ಈಗ ಅದು ಯಾವುದಕ್ಕೂ ಬಗ್ಗುತ್ತಿರಲಿಲ್ಲ.

ಅದನ್ನು ಬಗ್ಗಿಸಿದವಳು ನಾನು ಎಂದು ಪತ್ರಿಕೆಗಳು ಬರೆದವು. ನಾನೂ ಅಲ್ಲ ಅನ್ನಲಿಲ್ಲ. ನನ್ನ ಹೆಸರು ದಾಕ್ಷಾಯಿಣಿ ಕನಮಡಿ. ಗಿಡಗಳ ಒಳಗಿನ ರಸಾಯನ ನನ್ನ ವಿಷಯ. ಊರಿನ ಮಾಸಾಬಿ ಬಾವಡಿ ಎಂಬ ಹಳೆಯ ಮೆಟ್ಟಿಲುಬಾವಿಯ ಒಳಗೋಡೆಯಲ್ಲಿ ಬೆಳೆಯುವ ಜರೀಗಿಡದಿಂದ ನನ್ನ ತಂಡ ಒಂದು ಮುಲಾಮು ಮಾಡಿತ್ತು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಭೂಮಿಯ ಮೇಲೆ ಹೂವು ಎಂಬುದೇ ಇಲ್ಲದ ಕಾಲದಿಂದ ಅದು ಕ್ರಿಮಿ, ಬೂಷ್ಟುಗಳ ಜೊತೆ ಗುದ್ದಾಡುತ್ತ ಉಳಿದುಕೊಂಡಿದೆ. ಅಷ್ಟು ವರ್ಷ ಗುದ್ದಾಡಿದ್ದರ ಹತ್ತಿರ ಏನೋ ಮದ್ದು ಇದ್ದೇ ಇರುತ್ತದೆ ಎಂಬುದಷ್ಟೇ ನನ್ನ ಲೆಕ್ಕಾಚಾರವಾಗಿತ್ತು.

ಆ ಗಿಡವನ್ನು ನನಗೆ ತೋರಿಸಿದವಳು ಹಾಜ್ರಾಬಿ. ಬಾವಡಿಯ ಬಾಯಿಗೆ ಹತ್ತಿಕೊಂಡೇ ಅವಳ ಮನೆ. ಅವಳ ತಾಯಿ, ಅಜ್ಜಿ ಎಲ್ಲರೂ ಬಾವಡಿಯ ಮೆಟ್ಟಿಲು ಗುಡಿಸಿ, ಹೂಳು ತೆಗೆದು ಬಾಳಿದವರು. ಗಾಯವಾಗಿ ಬಂದವರಿಗೆ ಆ ಗಿಡದ ಎಲೆ ಅರೆದು ಕಟ್ಟುವುದು ಮನೆತನದ ರೂಢಿ. ಅವರು ಅದಕ್ಕೆ ಕರಿಕಡ್ಡಿ ಸೊಪ್ಪು ಅನ್ನುತ್ತಿದ್ದರು. ಮೊಂಡುಕೀವು ಊರನ್ನೆಲ್ಲ ತಿಂದರೂ ಆ ಓಣಿಯಲ್ಲಿ ಒಬ್ಬರ ಕೈಕಾಲೂ ಹೋಗಿಲ್ಲ ಎಂಬ ಸುದ್ದಿ ಕೇಳಿ ನಾನು ಹೋಗಿದ್ದೆ.

ಮೊದಲ ಸಂಜೆ ನಾನು ಚೀಲ, ಕತ್ತರಿ ಹಿಡಿದು ಸಿದ್ಧಳಾಗಿ ನಿಂತರೆ ಆಕೆ ಕೈ ಅಡ್ಡ ಹಿಡಿದಳು.

"ಇವತ್ತ ಹರಿಯಾಂಗಿಲ್ಲ ತಂಗಿ. ಇವತ್ತ ಬರೇ ಹೇಳಿ ಬರೂದು. ನಾಳೆ ಹೊತ್ತು ಮುಳುಗೂ ಮುಂದ ಹರೀಬೇಕು."

"ಯಾರಿಗೆ ಹೇಳೂದು?"

"ಅದಕ್ಕ! ಹೇಳದ ಕೇಳದ ಹರದ್ರ ಅದು ಬರೇ ಸೊಪ್ಪು. ಆಡೂ ಮೂಸಾಂಗಿಲ್ಲ."

ಆಕೆ ಗೋಡೆಗೆ ಬಗ್ಗಿ ಉಗುರಿನಿಂದ ಕೆಲವು ಎಲೆಗಳನ್ನು ಗೀರಿ, ಅವುಗಳ ಹತ್ತಿರ ಏನೋ ಮಾತಾಡಿದಳು. ನಾನು ಮುಖ ತಿರುಗಿಸಿ ನಕ್ಕೆ. ಮರುದಿನ ಆಕೆ ಹರಿದು ಕೊಟ್ಟ ಸೊಪ್ಪಿನ ರಸವನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಮೊಂಡುಕೀವಿನ ಕ್ರಿಮಿಗಳ ನಡುವೆ ಒಂದೇ ಹನಿ ಬಿಟ್ಟೆ. ಬೆಳಗಾಗುವುದರಲ್ಲಿ ಹನಿಯ ಸುತ್ತ ಬಿಲ್ಲೆಯಗಲ ಜಾಗದಲ್ಲಿ ಒಂದು ಕ್ರಿಮಿಯೂ ಇರಲಿಲ್ಲ. ಆಗ ನಗಲಿಲ್ಲ, ಕುಣಿದೆ.

ವರದಿಯ ಕರಡಿನಲ್ಲಿ 'ಹಿಂದಿನ ಸಂಜೆ ಗಿಡಕ್ಕೆ ಹೇಳಿ ಬರುವುದು' ಎಂದು ಬರೆದಿದ್ದೆ. ಆಮೇಲೆ ಅದನ್ನು ಹೊಡೆದುಹಾಕಿದೆ. ಹಿಂದೊಮ್ಮೆ ದೊಡ್ಡ ಸಭೆಯಲ್ಲಿ ಇಂಥದೇ ಒಂದು ರೂಢಿಯ ವಿಷಯ ಎತ್ತಿ, "ಮೇಡಂ, ಗಿಡ ಹೂಂ ಅಂತೋ, ಊಹೂಂ ಅಂತೋ?" ಎಂದು ಕೇಳಿಸಿಕೊಂಡವಳು ನಾನು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತ್ತು. ಇನ್ನೊಂದು ಸಲ ನಗೆಪಾಟಲಾಗುವ ಮನಸ್ಸು ಇರಲಿಲ್ಲ. ಹಾಜ್ರಾಬಿಯ ಹೆಸರನ್ನೂ ಬರೆಯದೆ 'ಸ್ಥಳೀಯ ಮಹಿಳೆಯೊಬ್ಬರು' ಎಂದು ಮುಗಿಸಿದೆ. ಗಿಡಗಳನ್ನು ಯಾರೂ ಕಿತ್ತೊಯ್ಯಬಾರದೆಂದು ಬಾವಡಿಗೆ ಕಬ್ಬಿಣದ ಬಾಗಿಲು ಇರಿಸಿ ಬೀಗ ಹಾಕಿಸಿದ್ದೂ ನನ್ನದೇ ಶಿಫಾರಸು. 'ಯಾರೂ' ಅಂದರೆ ಹಾಜ್ರಾಬಿಯೂ ಅದರಲ್ಲಿ ಸೇರುತ್ತಾಳೆ ಎಂದು ನಾನು ಯೋಚಿಸಿರಲಿಲ್ಲ.

ಊರ ಹೊರಗೆ ಗಿಡ ಬೆಳೆಸಿ ಮುಲಾಮು ಮಾಡುವ ಜರೀಮನೆ ಎದ್ದಿತು. ಮೊದಲಿನದು ತಗಡಿನ ಶೆಡ್ಡು. ಅಲ್ಲಿಯ ತೇವಕ್ಕೆ ಬಸವನಹುಳುಗಳು ಸೇರಿ ಎಲೆಗಳನ್ನು ಕಡಿಯುತ್ತಿದ್ದವು. ಆದರೂ ಆ ಶೆಡ್ಡಿನ ಮುಲಾಮು ಸಾವಿರಾರು ಜನರ ಕೈಕಾಲು ಉಳಿಸಿತು. ಆಮೇಲೆ ಗಾಜಿನ ದೊಡ್ಡ ಮನೆ ಬಂತು. ಹನ್ನೆರಡು ಅಂತಸ್ತು, ಲಕ್ಷಗಟ್ಟಲೆ ಗಿಡ, ಹೊಗೆಯಷ್ಟು ನಯವಾಗಿ ಸಿಂಪಡಿಸುವ ನೀರು. ಒಂದು ಹುಳು ಇಲ್ಲ, ಎಲೆಯಲ್ಲಿ ಒಂದು ತೂತಿಲ್ಲ. ನೋಡಲು ಬಂದ ಮಂತ್ರಿಗಳಿಗೆ "ಬಸವನಹುಳ ಹುಡುಕಿಕೊಟ್ರ ಸನ್ಮಾನ ಮಾಡ್ತೀವಿ" ಎಂದು ಹೇಳಿ ನಗಿಸಿದ್ದೆ.

ನಿಯಂತ್ರಣ ಕೋಣೆ ನೋಡಿಕೊಳ್ಳುತ್ತಿದ್ದವನು ಗಿರಿಮಲ್ಲ, ಹೆಚ್ಚು ಮಾತಾಡದ ಮನುಷ್ಯ. ಮುಲಾಮು ಪೆಟ್ಟಿಗೆ ಸೇರುವ ಮೊದಲು ಅಲ್ಲಿಯ ಯಂತ್ರ ಅದರಲ್ಲಿ ಜರಿಯ ಗುರುತಿನ ವಸ್ತು ಎಷ್ಟಿದೆ ಎಂದು ಅಳೆದು ಹಸಿರು ದೀಪ ಹಚ್ಚುತ್ತಿತ್ತು. ಎರಡೇ ನಿಮಿಷದ ಕೆಲಸ. ಕ್ರಿಮಿ ನಿಜಕ್ಕೂ ಸಾಯುತ್ತದೆಯೇ ಎಂದು ತಟ್ಟೆಯಲ್ಲಿ ಹಾಕಿ ನೋಡಲು ಒಂದು ದಿನ ಕಾಯಬೇಕು. ಹಾಗಾಗಿ ಅದನ್ನು ನಾನು ನಿಲ್ಲಿಸಿದ್ದೆ.

ಗಾಜಿನ ಮನೆ ಶುರುವಾದ ಮೂರು ತಿಂಗಳಿಗೆ ಕಾಗದಗಳು ಬರತೊಡಗಿದವು. ಮುಲಾಮು ಹಚ್ಚಿದೆವು, ಆದರೂ ಬೆರಳು ಹೋಯಿತು, ಪಾದ ಹೋಯಿತು ಎಂದು. ವರ್ಷ ತುಂಬುವಷ್ಟರಲ್ಲಿ ಹನ್ನೊಂದಾದವು.

"ಮೇಡಂ, ಒಮ್ಮಿ ತಟ್ಟ್ಯಾಗ ಹಾಕಿ ನೋಡೂಣೇನ್ರಿ?" ಎಂದು ಗಿರಿಮಲ್ಲ ಕೇಳಿದ.

"ದೀಪ ಹಸಿರು ಹತ್ತೇತಿಲ್ಲ? ಮತ್ತೇನ್ ನೋಡೂದೈತಿ? ಇವ್ರು ಕೈ ತೊಳ್ಯಾಂಗಿಲ್ಲ, ಪಟ್ಟಿ ಬದಲಿ ಮಾಡಾಂಗಿಲ್ಲ. ಕಡೀಕ ನಮ್ಮ ಮ್ಯಾಲ ಹಾಕ್ತಾರ."

ಎಲ್ಲರಿಗೂ ಒಂದೇ ಉತ್ತರ ಹೋಯಿತು. ಔಷಧದಲ್ಲಿ ದೋಷವಿಲ್ಲ, ಗಾಯವನ್ನು ಶುಚಿಯಾಗಿಡದ ನಿಮ್ಮ ನಿರ್ಲಕ್ಷ್ಯವೇ ಕಾರಣ ಎಂದು. ಹನ್ನೊಂದು ಪ್ರತಿಗೂ ನಾನೇ ಸಹಿ ಹಾಕಿದೆ. ಯಾರಿಗೆ ಹೋಗುತ್ತಿದೆ ಎಂದು ಹೆಸರು ಓದಲಿಲ್ಲ.

ನನ್ನ ಗಂಡ ಬಸವಂತ ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಕಬಡ್ಡಿ ಅಂದರೆ ಪ್ರಾಣ. ಸುಗ್ಗಿಯಲ್ಲಿ ಅವನ ಅಕ್ಕನ ಹೊಲಕ್ಕೆ ಜೋಳದ ರಾಶಿ ಮಾಡಲು ಹೋದ. ಊರೆಲ್ಲ ಮೊಣಕಾಲುದ್ದದ ಬೂಟು ಹಾಕಿಕೊಂಡು ಅಡ್ಡಾಡುವ ಕಾಲ. ಆದರೂ ಕಣದಲ್ಲಿ ಕಾಲಿಡುವಾಗ ಬೂಟು ಕಳಚಿದ. ಕಣದೊಳಗೆ ಮೆಟ್ಟು ಮೆಟ್ಟಿ ಹೋದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ, ಮೊಂಡುಕೀವು ಬಂದರೂ ಇಲ್ಲ. ಜೋಳದ ದಂಟಿನ ಸಿಬಿರೊಂದು ಅಂಗಾಲಿಗೆ ಚುಚ್ಚಿತು.

"ಏನಾಗಾಂಗಿಲ್ಲ ಬಿಡ. ಮನ್ಯಾಗ ನಿನ್ನ ಮುಲಾಮದ ಕಾರ್ಖಾನೀನ ಐತಿ" ಎಂದು ನಗುತ್ತ ಕುಂಟಿಕೊಂಡು ಬಂದ.

ನಾನೇ ಕೈ ತೊಳೆದು, ಕುದಿಸಿದ ನೀರಲ್ಲಿ ಗಾಯ ತೊಳೆದು, ದಿನಕ್ಕೆ ಮೂರು ಸಲ ಹಚ್ಚಿದೆ. ಪಟ್ಟಿಯನ್ನು ನಾನೇ ಬದಲಾಯಿಸಿದೆ. ನಾಲ್ಕನೆಯ ದಿನ ಪಾದ ಬಾತು ಹೊಳೆಯತೊಡಗಿತು. ಐದನೆಯ ದಿನ ಕೆಂಪು ಗೆರೆಯೊಂದು ಮೀನಖಂಡದತ್ತ ಹತ್ತಿತು. ಭಾನುವಾರ ಆಸ್ಪತ್ರೆಯ ಡಾಕ್ಟರಮ್ಮ ಅವನ ಮೊಣಕಾಲಿನ ಕೆಳಗೆ ನೀಲಿ ಪೆನ್ನಿನಿಂದ ಅಡ್ಡಗೆರೆ ಎಳೆದರು.

"ಗುರುವಾರ ಮುಂಜಾನಿ ಮಟಾ ನೋಡೂಣು. ಕೆಂಪು ಈ ಗೆರಿ ಮುಟ್ಟಿದ್ರ ಕಾಲು ತಗೀಬೇಕಾಗ್ತದ, ಇಲ್ಲಾಂದ್ರ ಜೀವಾನ ಉಳ್ಯಾಂಗಿಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿ, "ಪಟ್ಟಿ ಸರಿಯಾಗಿ ಬದಲಿ ಮಾಡಿದ್ರಿಲ್ರಿ?" ಎಂದು ಕೇಳಿದರು.

ಆ ಪ್ರಶ್ನೆ ಯಾರದೆಂದು ನನಗೆ ಗೊತ್ತಿತ್ತು. ಹನ್ನೊಂದು ಮನೆಗಳಿಗೆ ನಾನೇ ಬರೆದು ಕಳಿಸಿದ ಪ್ರಶ್ನೆ ಅದು.

ಆಸ್ಪತ್ರೆಯಿಂದ ನೆಟ್ಟಗೆ ಜರೀಮನೆಗೆ ಹೋದೆ. ಗಾಜಿನ ಮನೆಯ ಮುಲಾಮು ಒಂದು ತಟ್ಟೆಗೆ, ಕಪಾಟಿನಲ್ಲಿ ನಮೂನೆಯೆಂದು ಕಡ್ಡಿ ತುದಿಯಷ್ಟೇ ಉಳಿದಿದ್ದ ತಗಡಿನ ಶೆಡ್ಡಿನ ಮುಲಾಮು ಇನ್ನೊಂದು ತಟ್ಟೆಗೆ ಹಾಕಿದೆ. ಸೋಮವಾರ ಮಧ್ಯಾಹ್ನ ಗಿರಿಮಲ್ಲ ಎರಡನ್ನೂ ಬೆಳಕಿಗೆ ಹಿಡಿದ. ಹಳೆಯದರ ಸುತ್ತ ಬಯಲು ಬಿದ್ದಿತ್ತು. ಹೊಸದರ ಸುತ್ತ ಮಾತ್ರವಲ್ಲ, ಅದರ ಮೇಲೆಯೂ ಕ್ರಿಮಿಗಳು ಬೆಳೆದಿದ್ದವು.

"ಶೆಡ್ಡಿನ್ಯಾಗ ಇದ್ದದ್ದು, ಇಲ್ಲಿ ಇಲ್ಲದ್ದು ಏನ್ ಹೇಳು" ಎಂದೆ.

ಅವನು ತಟ್ಟೆಗಳನ್ನು ಕೆಳಗಿಟ್ಟ. "ಬಸವನಹುಳ ಅಷ್ಟರಿ."

ಆಗ ಹಾಜ್ರಾಬಿಯ ಉಗುರು ನೆನಪಾಯಿತು. ಸಂಗತಿ ಸರಳವಾಗಿತ್ತು. ಜರೀಗಿಡ ಮದ್ದನ್ನು ಸುಮ್ಮನೆ ಮಾಡಿ ಇಟ್ಟುಕೊಂಡಿರುವುದಿಲ್ಲ. ತನ್ನನ್ನು ಯಾರೋ ಕಡಿದರು, ಗೀರಿದರು ಎಂದಾಗ ಮಾತ್ರ, ಗಾಯದೊಳಗೆ ಕ್ರಿಮಿ ನುಗ್ಗೀತೆಂದು ಒಂದು ದಿನದಲ್ಲಿ ಮಾಡಿಕೊಳ್ಳುತ್ತದೆ. ಗೀರದೆ ಹರಿದರೆ ಬರೇ ಸೊಪ್ಪು. ನಮ್ಮ ಯಂತ್ರ ಅಳೆಯುತ್ತಿದ್ದದ್ದು ಸೊಪ್ಪು ಜರೀಗಿಡದ್ದು ಹೌದೋ ಅಲ್ಲವೋ ಎಂಬುದನ್ನು ಮಾತ್ರ. ನಗುವವರಿಗೆ ಹೆದರಿ ನಾನು ಹೊಡೆದುಹಾಕಿದ್ದ ಸಾಲಿನಲ್ಲೇ ಔಷಧವೆಲ್ಲ ಇತ್ತು. ಆ ಸಾಲು ಇಲ್ಲದ್ದರಿಂದ ಹನ್ನೊಂದು ಜನರ ಅಂಗಗಳು ಹೋಗಿದ್ದವು. ಕಾಗದ ಬರೆಯಲು ಬಾರದವರ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ.

"ಮುಲಾಮದ ಲಾರಿ ನಿಲ್ಸು. ಯಂತ್ರ ರಿಪೇರಿ ಅಂತ ಬರಿ" ಎಂದೆ. ಗಿರಿಮಲ್ಲ ಹಾಗೇ ಬರೆದ. ನಿಜ ಕಾರಣ ಬರೆಯಿಸುವ ಧೈರ್ಯ ಆಗಲೂ ನನಗೆ ಬರಲಿಲ್ಲ.

ಬಾವಡಿಯ ಕೀಲಿ ನನ್ನ ಹತ್ತಿರವೇ ಇತ್ತು. ಆದರೆ ಎಂಥ ಎಲೆ ಗೀರಬೇಕು, ಎಷ್ಟು ಗೀರಬೇಕು, ಯಾವುದನ್ನು ಹರಿಯಬೇಕು, ಒಂದೂ ಗೊತ್ತಿಲ್ಲ. ಅವತ್ತು ನಾನು ಮುಖ ತಿರುಗಿಸಿ ನಗುತ್ತಿದ್ದೆನಲ್ಲ. ಗುರುವಾರದೊಳಗೆ ಒಂದೇ ಒಂದು ಅವಕಾಶ. ತಪ್ಪಿದರೆ ಬಸವಂತನ ಕಾಲು ಹೋಗುತ್ತದೆ. ಸಂಜೆ ನಾಲ್ಕಕ್ಕೆ ಹಾಜ್ರಾಬಿಯ ಮನೆಯ ಮುಂದೆ ನಿಂತೆ.

ಆಕೆ ಹೊಸ್ತಿಲಲ್ಲಿ ಕುಳಿತಿದ್ದಳು. ಬಲಗೈ ಮಣಿಕಟ್ಟಿನಿಂದ ಮುಂದೆ ಇರಲಿಲ್ಲ.

"ಬರ್ರಿ ಬಾಯಾರ" ಎಂದಳು. ಮೊದಲು ನನ್ನನ್ನು ತಂಗಿ ಅನ್ನುತ್ತಿದ್ದವಳು ಈಗ ದೊಡ್ಡ ಮನೆತನದ ಹೆಂಗಸರನ್ನು ಕರೆಯುವಂತೆ ಬಾಯಾರ ಅಂದಳು. "ಡಬ್ಬಿ ಮುಚ್ಚಳ ಕೊಯ್ತು. ಬಾವಡಿಗೆ ನೀವು ಬೀಗ ಹಾಕಿಸೀರಿ. ದವಾಖಾನ್ಯಾಗ ನಿಮ್ಮ ಮುಲಾಮ ಕೊಟ್ರು. ಹಚ್ಚಿದೆ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ನಾನು ಏನಾದರೂ ಹೇಳುವ ಮುಂಚೆ ಆಕೆ ಎದ್ದು ಒಳಗೆ ಹೋಗಿ, ಮಡಿಚಿಟ್ಟ ಕಾಗದವೊಂದನ್ನು ಎಡಗೈಯಲ್ಲಿ ತಂದು ಕೊಟ್ಟಳು.

"ನನ್ನ ಮಗ ರಜಾಕ ನಿಮ್ಮ ಆಫೀಸಿಗೆ ಬರದಿದ್ದ. ಇದು ಬಂತು. ನನಗ ಓದಾಕ ಬರಾಂಗಿಲ್ಲ. ಏನೈತಿ ಓದ್ರಿ."

ಬಿಚ್ಚಿದೆ. 'ಶ್ರೀಮತಿ ಹಾಜರಾಬೇಗಂ ಅವರಿಗೆ. ಔಷಧದಲ್ಲಿ ಯಾವ ದೋಷವೂ ಇಲ್ಲ. ಗಾಯವನ್ನು ಶುಚಿಯಾಗಿಡುವಲ್ಲಿ ತಾವು ತೋರಿದ ನಿರ್ಲಕ್ಷ್ಯವೇ ಕೈ ಕಳೆದುಕೊಳ್ಳಲು ಕಾರಣ.' ಕೆಳಗೆ ನನ್ನ ಸಹಿ, ದುಂಡಗೆ, ಮುದ್ದಾಗಿ.

ಇದ್ದದ್ದನ್ನು ಓದಿದರೆ ಆಕೆ ನನ್ನನ್ನು ಹೊರಗೆ ಅಟ್ಟಬಹುದು. ಹೊತ್ತು ಇಳಿಯುತ್ತಿತ್ತು. ಬಸವಂತನ ಕಾಲ ಮೇಲಿನ ನೀಲಿ ಗೆರೆ ಕಣ್ಣಮುಂದೆ ಬಂತು.

"ನಿಮ್ಮ ಕೈ ಹೋದದ್ದು ಕೇಳಿ ಭಾಳ ದುಃಖ ಆತು ಅಂತ ಬರದಾರ" ಎಂದೆ. "ತಪ್ಪು ಎಲ್ಲಿ ಆಗೇತಿ ಅಂತ ಹುಡುಕ್ತೀವಿ ಅಂದಾರ. ನಿಮಗ ನಮಸ್ಕಾರ ಹೇಳ್ಯಾರ."

"ಯಾರ್ ಬರದಾರ್ರಿ?"

"ಆಫೀಸಿನವ್ರು."

ಆಕೆ ಕಾಗದವನ್ನು ಇಸಿದುಕೊಂಡು ಮಡಿಕೆ ತಪ್ಪದಂತೆ ಮಡಿಚಿದಳು. "ಬಂದ ಕೆಲಸ ಏನ್ ಹೇಳ್ರಿ" ಎಂದಳು. ಗಂಡನ ಕಾಲಿನ ವಿಷಯ ಹೇಳಿದೆ. ಅಳು ಬಂತು, ಅತ್ತೆ. ಆ ಅಳುವಿನಲ್ಲಿ ಬಸವಂತನಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಈಗಲೂ ಹೇಳಲಾರೆ.

"ಏಳ್ರಿ ಮತ್ತ. ಹೊತ್ತು ಹೊಂಟೇತಿ" ಎಂದಳು.

ಬೀಗ ತೆಗೆದೆ. ಎಡಗೈಯನ್ನು ಗೋಡೆಗೆ ಊರಿಕೊಂಡು ಆಕೆ ಮೂವತ್ತು ಮೆಟ್ಟಿಲು ಇಳಿದಳು. ನೀರಿನ ಅಂಚಿನಲ್ಲಿ ಕರಿಯ ಕಡ್ಡಿಗಳ ಮೇಲೆ ಹಸಿರು ಎಲೆಗಳು ತೂಗುತ್ತಿದ್ದವು.

"ಎಲ್ಲಾ ಗೀರಬಾರದು. ಹಿಂದ ಕಂದು ಪುಡಿ ಹತ್ತಿರತೈತಲ್ಲ, ಆ ಮುದಿ ಎಲಿ ಅಷ್ಟ. ಗಿಡಕ್ಕ ಮೂರು. ನಾಳೆ ಹರಿಯೂ ಮುಂದ ಮುದಿ ಎಲಿ ಮುಟ್ಟಬ್ಯಾಡ್ರಿ, ಅದರ ಮ್ಯಾಲಿನ ಎಳೀವು ಹರೀರಿ. ದೊಡ್ಡಾವು ಪೆಟ್ಟು ತಿಂದು ಸಣ್ಣಾವಕ್ಕ ಹೇಳ್ತಾವು, ಸಣ್ಣಾವು ಕಹಿ ಆಗ್ತಾವು."

ಒಂದು ಎಲೆಯ ಗಾಯದ ಸುದ್ದಿ ಇನ್ನೊಂದು ಎಲೆಗೆ ಮುಟ್ಟುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ, ಚಿತ್ರ ಬರೆದು ತೋರಿಸಿದ್ದೇನೆ. ಈ ಗೋಡೆಯ ಮುಂದೆ ಕೇಳುವುದಕ್ಕೆ ಹೊಳೆದಿರಲಿಲ್ಲ. ಆಕೆಯ ಎಡಗೈಗೆ ರೂಢಿ ಇರಲಿಲ್ಲ, ಉಗುರು ಜಾರುತ್ತಿತ್ತು. ನಾನು ಗೀರಲು ಮುಂದಾದೆ. ಬೇಡ ಅನ್ನಲಿಲ್ಲ. ನಾನು ಗೀರಿದೆ, ಆಕೆ ಗಿಡಕ್ಕೆ ಹೇಳಿದಳು: "ನಾಳೆ ಬರ್ತೀವಿ ಯವ್ವಾ. ಒಬ್ಬ ಮಾಸ್ತರನ ಕಾಲಿಗೆ ಬೇಕಾಗೇತಿ. ಸಿಟ್ಟಾಗಬ್ಯಾಡ."

ಮಂಗಳವಾರ ಸಂಜೆ ಎಳೆಯ ಎಲೆಗಳನ್ನು ಹರಿದು, ಪ್ರಯೋಗಾಲಯದಲ್ಲಿ ರಸ ತೆಗೆದು ಸೋಸಿ, ಡಾಕ್ಟರಮ್ಮನ ಮುಂದೆ ಇದ್ದದ್ದೆಲ್ಲ ಹೇಳಿ ಅವರ ಒಪ್ಪಿಗೆಯಿಂದಲೇ ಗಾಯಕ್ಕೆ ತುಂಬಿದೆವು. ಬುಧವಾರ ಕೆಂಪು ನೀಲಿ ಗೆರೆಗೆ ಎರಡು ಬೆರಳು ದೂರದಲ್ಲಿ ನಿಂತಿತು. ಗುರುವಾರ ಮುಂಜಾನೆ ನಾಲ್ಕು ಬೆರಳು ಇಳಿದಿತ್ತು. ಬಸವಂತ ಜ್ವರ ಬಿಟ್ಟು, ಬೆವತು, ಇಡ್ಲಿ ಕೇಳಿದ. ವಾರ್ಡಿನಲ್ಲಿದ್ದ ಉಳಿದ ಇಬ್ಬರಿಗೂ ಅದೇ ರಸ ಹಾಕಿದೆವು.

ಎಲ್ಲರಿಗೂ ತಿಳಿದಿರುವ ಹಾಗೆ ಆಮೇಲೆ ಗಾಜಿನ ಮನೆಯ ಮುಲಾಮನ್ನೆಲ್ಲ ವಾಪಸ್ಸು ತರಿಸಲಾಯಿತು. ವಿಚಾರಣೆ ನಡೆಯಿತು, ನನ್ನ ಹುದ್ದೆ ಹೋಯಿತು. ಅದು ದೊಡ್ಡ ಮಾತಲ್ಲ. ಗಾಜಿನ ಮನೆಯಲ್ಲಿ ಈಗ ಯಂತ್ರದ ಬಾಚಣಿಗೆಯೊಂದು ಹಿಂದಿನ ಸಂಜೆ ಮುದಿ ಎಲೆಗಳನ್ನು ಗೀರಿ ಹೋಗುತ್ತದೆ. ಎಂಜಿನಿಯರುಗಳು ಅದಕ್ಕೆ 'ಪೂರ್ವಸೂಚನಾ ಹಂತ' ಎಂದು ಹೆಸರಿಟ್ಟಿದ್ದಾರೆ, ಯಾರೂ ನಗುವುದಿಲ್ಲ. ಬಸವಂತ ಮತ್ತೆ ಮೈದಾನಕ್ಕೆ ಇಳಿದ. ಅವನು ಓಡುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷ ಅರ್ಧಕ್ಕೇ ನಿಲ್ಲುತ್ತಿತ್ತು. ಸುಳ್ಳು ಓದಿ ಉಳಿಸಿಕೊಂಡ ಕಾಲು ಅದು. ಅವನಿಗೂ ಹೇಳಿರಲಿಲ್ಲ. ಒಂದು ದಿನ ಹೇಳಿದೆ. ಅವನು ತನ್ನ ಪಾದ ನೋಡಿಕೊಂಡು, "ಹೋಗಿ ಹೇಳಿ ಬಾ" ಎಂದ.

ಮತ್ತೆ ಹಾಜ್ರಾಬಿಯ ಮನೆಗೆ ಹೋದೆ. ತಿದ್ದಿದ ವರದಿಯನ್ನು ಕೊಟ್ಟೆ. ಮೊದಲ ಹೆಸರು ಅವಳದೇ ಎಂದು ತೋರಿಸಿದೆ. ಆಕೆ ಅದನ್ನು ತಿರುವಿ ನೋಡಿ, "ಛಲೋ ಆತು" ಎಂದು ಪಕ್ಕಕ್ಕಿಟ್ಟಳು.

"ಅವತ್ತ ನಾ ಓದಿದ ಕಾಗದ" ಎಂದೆ. "ಅದರಾಗ ಹಂಗ ಇರಲಿಲ್ಲ. ನಾ ಸುಳ್ಳು ಓದಿದೆ. ಬರದಾಕೀನೂ ನಾನ."

"ಗೊತ್ತೈತ್ರಿ."

ನಾನು ತಲೆ ಎತ್ತಿದೆ.

"ಬಂದ ದಿನಾನ ರಜಾಕ ಓದಿ ಹೇಳಿದ್ದ. ಮೂರ್ ಸಲ ಓದಿಸೀನಿ. ಹೆಸರು ಸುದ್ದಾ ಓದಿಸೀನಿ. ಬರದಾಕಿ ಬಾಯಿಂದ ಒಮ್ಮಿ ಕೇಳಬೇಕಂತಿತ್ತು. ಅದಕ್ಕ ಕೊಟ್ಟೆ. ನೀವು ಬ್ಯಾರೇನ ಓದಿದ್ರಿ."

"ಗೊತ್ತಿದ್ದೂ ಬಾವಡಿಗೆ ಯಾಕ ಬಂದ್ರಿ?"

"ಕಾಲು ನಿಮ್ಮದಲ್ಲಲ್ರಿ" ಎಂದಳು.

ಸಿಟ್ಟಿನ ದನಿಯಲ್ಲ ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಎದ್ದು ಹೋಗಿ ಅದೇ ಕಾಗದ ತಂದಳು. ಒಂದೇ ಕೈಯಲ್ಲಿ ಮಡಿಕೆ ಬಿಚ್ಚಲು ಹೊತ್ತು ಹಿಡಿಯಿತು, ನನ್ನಿಂದ ನೆರವು ಕೇಳಲಿಲ್ಲ. ಬಿಚ್ಚಿ ನನ್ನ ಮಡಿಲಿಗೆ ಇಟ್ಟು ಎದುರಿಗೆ ಕುಳಿತಳು.

"ಈಗ ಓದ್ರಿ."

ಓದಿದೆ. ದೋಷವಿಲ್ಲ ಎಂಬುದನ್ನು ಓದಿದೆ. 'ತಾವು ತೋರಿದ ನಿರ್ಲಕ್ಷ್ಯ' ಎಂಬಲ್ಲಿಗೆ ನಿಲ್ಲಿಸಿದೆ. ಆಕೆ ಕಾದಳು. ಮತ್ತೆ ಮೊದಲಿನಿಂದ ಓದಿದೆ, ಈ ಸಲ ನಿಲ್ಲಿಸದೆ ಕೊನೆಯವರೆಗೆ. ಕಾಗದ ಮಡಿಚಲು ಹೋದೆ.

"ಹೆಸರು ಉಳೀತು" ಎಂದಳು ಹಾಜ್ರಾಬಿ.

ನನ್ನ ಹೆಸರನ್ನು ನಾನು ಓದಿದೆ.